ಕೊರವ ಮೀನು ಮತ್ತು ಮುನಿಯಪ್ಪನ ತಮಟೆ

ನನ್ನ ಲೆಕ್ಕದಲ್ಲಿ ಮೀನು ಅಂದರೆ ಕೊರವ. ಕಾಟ್ಲಾ, ರೋಹು, ಗೆಂಡೆ ಇವೆಲ್ಲ ನೀರಿನಲ್ಲಿ ಈಜುವ ಸೊಪ್ಪು. ಈ ಮಾತು ಹೇಳಿದರೆ ಇಲಾಖೆಯ ಹೊಸ ಹುಡುಗರು ನಗುತ್ತಾರೆ. ನಗಲಿ. ತಲೆಗೂದಲು ಕಪ್ಪಗಿದ್ದಾಗ ಕೆರೆಗೆ ಇಳಿದು, ಬೆಳ್ಳಗಾದ ಮೇಲೆ ದಡಕ್ಕೆ ಹತ್ತಿದವನು ನಾನು. ಸ್ವಲ್ಪ ಜಂಬ ಮಾಡುವ ಹಕ್ಕು ನನಗಿದೆ.

ಇಲಾಖೆಗೆ ಹೊಸಬರಾದ ನಿಮಗೆ ತರಬೇತಿಯಲ್ಲಿ ಎಲ್ಲ ಹೇಳಿಕೊಟ್ಟಿರುತ್ತಾರೆ. ಅಲ್ಲಿ ಹೇಳಿಕೊಡದ್ದನ್ನು ನಾನು ಬರೆಯುತ್ತೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಊರಿಗೆ ವರ್ಗವಾಯಿತು ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೇಕೆ? ಕೊರವನ ಗುಣ ಹೇಳುತ್ತೇನೆ. ಅದರ ಹೆಸರಿನಿಂದ ಒಂದು ದಿನ ಏನಾಯಿತು ಎಂಬುದನ್ನೂ ಹೇಳುತ್ತೇನೆ.

ನಾನು ಮಂಡಿಕಲ್ ಕಡೆಯ ಒಕ್ಕಲು ಮನೆಯವನು. ಹೈಸ್ಕೂಲು ಮುಗಿಸಿ ಮೀನುಗಾರಿಕೆ ಇಲಾಖೆಯಲ್ಲಿ ಫೀಲ್ಡ್‌ಮ್ಯಾನ್ ಆಗಿ ಸೇರಿದ ದಿನ ನಮ್ಮಮ್ಮ ಒಲೆ ಮುಂದೆ ಕೂತು ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನಪ್ಪಾ, ನಿನ್ನ ಓದಿಸಿದ್ದು ಮೀನು ಹಿಡಿಯಕ್ಕಾ? ಹಿಡಿಯೋದಾದ್ರೆ ಓದದೇನೇ ಹಿಡೀಬಹುದಿತ್ತಲ್ಲೋ!"

"ಹಿಡಿಯೋದಲ್ಲ ಕಣಮ್ಮ, ಕೆರೆಗೆ ಬಿಡೋದು."

"ಮೀನು ಬಿಡಕ್ಕೆ ಸಂಬಳ ಕೊಡ್ತಾರಾ? ಈ ಸರ್ಕಾರ ಉದ್ಧಾರ ಆದಂಗೇ ಬಿಡು."

ಬಿಡುವುದು ಅಷ್ಟು ಸುಲಭವಾಗಿರಲಿಲ್ಲ. ಆಗ ಕಾಟ್ಲಾ, ರೋಹು ಮರಿಗಳು ಕಲ್ಕತ್ತೆ ಕಡೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಬರುತ್ತಿದ್ದವು. ಅಲ್ಲಿಂದ ನಮ್ಮ ಚಿಕ್ಕ ರೈಲು ಹತ್ತಿಸಿ ಚಿಕ್ಕಬಳ್ಳಾಪುರಕ್ಕೆ, ಅಲ್ಲಿಂದ ಬಸ್ಸಿನ ಟಾಪಿನ ಮೇಲೆ ಶಿಡ್ಲಘಟ್ಟಕ್ಕೋ ಚಿಂತಾಮಣಿಗೋ ಗೌರಿಬಿದನೂರಿಗೋ ಸಾಗಿಸಬೇಕು. ಮರಿ ಇರುವುದು ಮಣ್ಣಿನ ಮಡಕೆಗಳಲ್ಲಿ. ನೀರಿಗೆ ಗಾಳಿ ಸೇರಲಿ ಎಂದು ದಾರಿಯುದ್ದಕ್ಕೂ ಕೈಹಾಕಿ ಕಲಕುತ್ತಲೇ ಇರಬೇಕು. ರೈಲಿನಲ್ಲಿ ಒಬ್ಬ ಅಜ್ಜಿ ನನ್ನನ್ನು ಬಹಳ ಹೊತ್ತು ನೋಡಿ, "ಬೆಣ್ಣೆ ಬಂತಾ ಮಗಾ?" ಎಂದು ಕೇಳಿದ್ದಳು. ಈಗ ನೀವು ಪಾಲಿಥೀನ್ ಚೀಲಕ್ಕೆ ಆಮ್ಲಜನಕ ತುಂಬಿ, ಬಾಯಿ ಕಟ್ಟಿ, ಪಕ್ಕದಲ್ಲಿ ಕೂತು ಗೊರಕೆ ಹೊಡೆಯುತ್ತ ಬರುತ್ತೀರಿ. ನನಗೆ ಹೊಟ್ಟೆಕಿಚ್ಚೇನಿಲ್ಲ. ಇದ್ದರೂ ಸ್ವಲ್ಪವೇ.

ಹೀಗೆ ಕೈ ಸೋಲುವ ತನಕ ಕಲಕಿ ತಂದ ಮರಿಗಳನ್ನು ಕೆರೆಗೆ ಬಿಟ್ಟರೆ, ಅಲ್ಲಿ ಕಾದು ಕೂತಿದ್ದ ಕೊರವ ಅವನ್ನು ಹುರಿಗಾಳು ತಿಂದ ಹಾಗೆ ತಿಂದು ಮುಗಿಸುತ್ತಿತ್ತು. ಹಾವಿನ ತಲೆ, ಉದ್ದನೆಯ ಮೈ, ಕಪ್ಪು ಬೆನ್ನು, ಬಾಯಿ ತುಂಬ ಹಲ್ಲು. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆ ಹುಳುವನ್ನು ಗಾಳಕ್ಕೆ ಸಿಕ್ಕಿಸಿದರೆ ಬೇರೆ ಮೀನುಗಳು ಮದುವೆ ಊಟಕ್ಕೆ ಬಂದ ಹಾಗೆ ನುಗ್ಗುತ್ತವೆ. ಕೊರವ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಜೀವಂತ ಕಪ್ಪೆಯೇ ಆಗಬೇಕು. ಏನು ಗತ್ತು ಅದರದು! ಇಲಾಖೆಯ ಭಾಷೆಯಲ್ಲಿ ಅದು ಶತ್ರು ಮೀನು. ಮರಿ ಬಿಡುವ ಮುಂಚೆ ಕೆರೆಯಿಂದ ಅದನ್ನು ತೆಗೆಸಬೇಕು ಎಂಬುದು ನಮಗಿದ್ದ ಆಜ್ಞೆ. ಈಗ ನೀವು ನೀರಿಗೆ ಔಷಧಿ ಹಾಕಿ ಕೊಲ್ಲುತ್ತೀರಿ. ಆಗ ಅದೆಲ್ಲ ಇರಲಿಲ್ಲ. ಕೊರವನನ್ನು ಗೆಲ್ಲಬೇಕಾದರೆ ಮೊದಲು ಅದನ್ನು ತಿಳಿಯಬೇಕಿತ್ತು.

ತಿಳಿಯುವುದನ್ನು ಕಲಿಸಿದವರು ಸುವರ್ಣ ಸಾಹೇಬರು. ಕನ್ನಡ ಸೀಮೆಗಳೆಲ್ಲ ಒಂದೇ ರಾಜ್ಯವಾದ ಮೇಲೆ ಕರಾವಳಿಯಿಂದ ನಮ್ಮ ಜಿಲ್ಲೆಗೆ ಬಂದ ಅಧಿಕಾರಿ. ಸಮುದ್ರದ ಪಕ್ಕದಲ್ಲಿ ಹುಟ್ಟಿದವರನ್ನು ಈ ಒಣ ಸೀಮೆಗೆ ಹಾಕಿದ್ದಾರಲ್ಲ, ತಿಂಗಳೊಳಗೆ ಓಡಿಹೋಗುತ್ತಾರೆ ಎಂದು ಕಚೇರಿಯಲ್ಲಿ ನಾವೆಲ್ಲ ಮಾತಾಡಿಕೊಂಡಿದ್ದೆವು. ಅವರು ಓಡಲಿಲ್ಲ. ಬಂದ ವಾರವೇ ನನ್ನನ್ನು ಒಂದು ಕೆರೆ ಏರಿಯ ಮೇಲೆ ಕೂರಿಸಿ, "ಮಾತಾಡ್ಬೇಡ ಮಾರಾಯ, ನೀರು ನೋಡು" ಎಂದರು. ಮಧ್ಯಾಹ್ನದವರೆಗೂ ಕೂರಿಸಿದರು. ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಅವರು ಒಂದು ಬೀಡಿ ಕೂಡ ಹಚ್ಚಲಿಲ್ಲ.

ಅಷ್ಟರಲ್ಲಿ ನೀರಿನ ಮೇಲೆ 'ಗುಳುಂ' ಎಂಬ ಸದ್ದು. ಒಂದು ಮೂತಿ ಮೇಲೆ ಬಂದು ಗಾಳಿ ನುಂಗಿ ಒಳಗೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಅಲ್ಲೇ ಹತ್ತಿರ ಮತ್ತೆ. ಕೊರವನಿಗೆ ನೀರಿನಲ್ಲಿರುವ ಗಾಳಿ ಸಾಲದು, ಆಗಾಗ ಮೇಲೆ ಬಂದು ನಮ್ಮ ಹಾಗೆ ಉಸಿರು ತೆಗೆದುಕೊಳ್ಳಬೇಕು. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಎಷ್ಟೇ ಬಚ್ಚಿಟ್ಟುಕೊಳ್ಳಲಿ, ಒಂದು ಸಲ ಮೂತಿ ತೋರಿಸಲೇಬೇಕು. ಆ ಸದ್ದು ಕೇಳಿಯೇ ಕೆರೆಯಲ್ಲಿ ಕೊರವ ಎಷ್ಟಿರಬಹುದು, ಎಷ್ಟು ದೊಡ್ಡವು ಎಂದು ಅಂದಾಜು ಹೇಳುವುದನ್ನು ನಾನು ಕಲಿತೆ. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ, ಏರಿಯ ಮೇಲೆ ಕೂತೇ ಕಲಿಯಬೇಕು.

ಕಲಿಯುವ ಮುಂಚೆ ಕಚೇರಿಯವರೆಲ್ಲ ಸೇರಿ ಒಂದು ಘನಕಾರ್ಯ ಮಾಡಿದ್ದೆವು. ಬೆಂಗಳೂರಿನ ಒಂದು ವಸ್ತುಪ್ರದರ್ಶನಕ್ಕೆ ಜೀವಂತ ಕೊರವ ಕಳಿಸಬೇಕಿತ್ತು. ಪಾಪ, ದೂರದ ದಾರಿ, ಮೀನಿಗೆ ನೀರು ಕಡಿಮೆಯಾಗಬಾರದು ಎಂದು ತಗಡಿನ ಡಬ್ಬಕ್ಕೆ ಕಂಠಮಟ್ಟ ನೀರು ತುಂಬಿ, ಚೆಲ್ಲದ ಹಾಗೆ ಮುಚ್ಚಳ ಬಿಗಿದು ಕಳಿಸಿದೆವು. ಅಲ್ಲಿ ಮುಚ್ಚಳ ತೆಗೆದರೆ ಎಲ್ಲವೂ ಹೊಟ್ಟೆ ಮೇಲಾಗಿದ್ದವು. ಉಸಿರು ತೆಗೆದುಕೊಳ್ಳಲು ಜಾಗವಿಲ್ಲದೆ ಮೀನುಗಳು ನೀರಿನಲ್ಲೇ ಮುಳುಗಿ ಸತ್ತಿದ್ದವು! ಸಂತೆಯಲ್ಲಿ ಮಾರುವವರು ಅವನ್ನೇ ಒದ್ದೆ ಗೋಣಿಯಲ್ಲಿ ಸುತ್ತಿ ದಿನವಿಡೀ ಬದುಕಿಸಿ ಇಟ್ಟಿರುತ್ತಿದ್ದರು. ಬೆಂಗಳೂರಿನ ಮೇಲಧಿಕಾರಿಗಳು ಕೊಟ್ಟ ಮಂಗಳಾರತಿಯ ಬಿಸಿ ನಮಗೆ ಬಹಳ ದಿನ ಇತ್ತು.

ಬೇಸಿಗೆಯಲ್ಲಿ ಕೆರೆ ಬತ್ತಿದರೆ ಉಳಿದ ಮೀನುಗಳ ಕಥೆ ಮುಗಿಯಿತು. ಕೊರವ ಮಾತ್ರ ಕೆಸರಿಗೆ ಇಳಿದು ಮಲಗುತ್ತದೆ. ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟರೂ ಒಳಗಿನ ಹಸಿಯಲ್ಲಿ ಜೀವ ಹಿಡಿದುಕೊಂಡಿರುತ್ತದೆ. ಹೊಲಕ್ಕೆ ಗೋಡು ಮಣ್ಣು ಹೊಡೆಯಲು ಕೆರೆಯಂಗಳ ಅಗೆಯುವವರ ಗುದ್ದಲಿ ಏಟಿಗೆ ಜೀವಂತ ಮೀನು ಎದ್ದು ಬಂದದ್ದನ್ನು ನಾನೇ ನೋಡಿದ್ದೇನೆ. ಅಗೆಯುತ್ತಿದ್ದವನು ಗುದ್ದಲಿ ಬಿಸಾಡಿ, "ಅಪ್ಪಯ್ಯೋ ಹಾವು!" ಎಂದು ಏರಿ ಹತ್ತಿದ್ದ.

ಇನ್ನು ಅದರ ಸಂಸಾರ. ಮಳೆ ಬಿದ್ದು ನೀರು ಬಂದರೆ ದಡದ ಹುಲ್ಲಿನ ನಡುವೆ ಒಂದಿಷ್ಟು ಜಾಗ ತೆರವು ಮಾಡಿಕೊಂಡು ಮೊಟ್ಟೆ ಇಡುತ್ತದೆ. ಒಡೆದ ಮರಿಗಳು ಕೆಂಪಗೆ, ನೂಲಿನಷ್ಟು ಸಣ್ಣ, ಎಲ್ಲ ಸೇರಿ ಒಂದೇ ಮುದ್ದೆ. ಅವು ಉಸಿರಿಗೆ ಮೇಲೆ ಬಂದರೆ ನೀರು ಎಸರು ಕುದಿಯುವ ಹಾಗೆ ಕಾಣುತ್ತದೆ. ಕೆಳಗೆ ತಂದೆ ತಾಯಿ ಕಾವಲು. ಮರಿಗಳ ಹತ್ತಿರ ಕಡ್ಡಿ ಅಲ್ಲಾಡಿಸಿದರೂ ಸಾಕು, ಕೊರವ ಕೋಪದಿಂದ ಎಗರಿ ಕಚ್ಚುತ್ತದೆ. ಹಾಗಾಗಿ ಹೊಟ್ಟೆ ತುಂಬಿದ ಕೊರವನನ್ನು ಹಿಡಿಯುವುದು ಕಷ್ಟ, ಮಕ್ಕಳೊಂದಿಗನನ್ನು ಹಿಡಿಯುವುದು ಬಹಳ ಸುಲಭ.

ಅದನ್ನು ಮೊದಲ ಸಲ ತೋರಿಸಿದಾಗ ಸುವರ್ಣ ಸಾಹೇಬರು ತಮ್ಮ ಸಮುದ್ರದ ಕಥೆ ತೆಗೆದರು.

"ದೂರದ ದ್ವೀಪಗಳ ಹತ್ರ ಹವಳದ ದಿಬ್ಬಗಳುಂಟು. ಅಲ್ಲಿ ಒಂದು ಕಿತ್ತಳೆ ಬಣ್ಣದ ಮೀನು, ಮೈಮೇಲೆ ಬಿಳಿ ಪಟ್ಟೆ. ಮುಟ್ಟಿದ್ರೆ ಉರಿ ಹತ್ತುವ ಒಂದು ಕಡಲಜೀವಿಯ ತೋಳುಗಳ ನಡುವೆಯೇ ಅದು ಮನೆ ಮಾಡ್ತದೆ. ಅದಕ್ಕೆ ಮಾತ್ರ ಉರಿ ತಾಗುದಿಲ್ಲ. ಗಂಡು ಮೊಟ್ಟೆಗಳಿಗೆ ರೆಕ್ಕೆ ಬೀಸಿ ಬೀಸಿ ಕಾಯ್ತದೆ, ಗೊತ್ತುಂಟಾ?"

"ಮೊಟ್ಟೆ ಒಡೆದ ಮೇಲೆ ಸಾರ್?"

"ಮರಿಗಳು ನೀರಲ್ಲಿ ತೇಲಿ ಹೋಗ್ತವೆ. ಮತ್ತೆ ಅಪ್ಪ ಯಾರೋ, ಮಕ್ಕಳು ಯಾರೋ."

"ಹಂಗಾದ್ರೆ ನಮ್ಮ ಕೊರವನೇ ವಾಸಿ ಬಿಡಿ ಸಾರ್. ಮರಿ ಬಲಿಯೋವರೆಗೂ ಬೆನ್ನು ಬಿಡಲ್ಲ."

ಸಾಹೇಬರು ಗಟ್ಟಿಯಾಗಿ ನಕ್ಕರು. "ನಿನಗೆ ನಿನ್ನ ಕೆರೆಯ ಜಂಬ ಜಾಸ್ತಿ ಮಾರಾಯ" ಎಂದರು. ನಿಜ, ಇತ್ತು.

ಈಗ ಹೆಸರಿನ ಕಥೆಗೆ ಬರುತ್ತೇನೆ. ಮೇಲೂರಿನಿಂದ ಆಚೆ, ಚಿಂತಾಮಣಿ ದಿಕ್ಕಿಗೆ ಒಂದು ಊರು. ಹೆಸರು ಬೇಡ, ಅಲ್ಲಿಯವರ ಮೊಮ್ಮಕ್ಕಳು ಈಗಲೂ ಸಿಕ್ಕಿದಾಗ ನನ್ನನ್ನು ಮಾತಾಡಿಸುತ್ತಾರೆ. ಊರಿನಲ್ಲಿ ಅರ್ಧ ಜನ ಕನ್ನಡ, ಅರ್ಧ ಜನ ತೆಲುಗು. ಒಂದೇ ಮನೆಯಲ್ಲಿ ಅತ್ತೆ ತೆಲುಗಿನಲ್ಲಿ ಬೈದರೆ ಸೊಸೆ ಕನ್ನಡದಲ್ಲಿ ಉತ್ತರ ಕೊಡುವ ಸೀಮೆ. ಅಲ್ಲಿನ ಕೆರೆಗೆ ಆ ವರ್ಷ ಮೊದಲ ಸಲ ಕಾಟ್ಲಾ ಮರಿ ಬಿಡಬೇಕೆಂದು ತೀರ್ಮಾನವಾಗಿತ್ತು. ಮುಂಗಾರಿನ ಒಂದೆರಡು ಮಳೆ ಬಿದ್ದು ನಿಂತಿತ್ತು. ನೀರು ಕೆರೆಯ ನಡುವೆ ಮೊಣಕಾಲುದ್ದ ಇತ್ತು. ಕೊರವ ತೆಗೆಸಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ.

ಕೆರೆಯಂಗಳದ ಒಂದು ಮೂಲೆಯಲ್ಲಿ, ಹೊಂಗೆ ಮರಗಳ ಕೆಳಗೆ, ಬುಟ್ಟಿ ಹೆಣೆಯುವ ಕೊರವರ ನಾಲ್ಕಾರು ಗುಡಿಸಲುಗಳಿದ್ದವು. ಹೌದು, ಮೀನಿಗೂ ಅದೇ ಹೆಸರು, ಆ ಜನಕ್ಕೂ ಅದೇ ಹೆಸರು. ಕನ್ನಡದಲ್ಲಿ ಮಾತ್ರ ಹಾಗೆ. ತೆಲುಗಿನಲ್ಲಿ ಮೀನು ಕೊರ್ರಮೀನು, ಆ ಜನ ಎರುಕಲವಾಳ್ಳು.

ನಾನು ಊರಿನ ಪಟೇಲ್ ಪಿಳ್ಳಪ್ಪನವರ ಮನೆಗೆ ಹೋಗಿ ಹೇಳಿದೆ. "ಗೌಡ್ರೇ, ಬರೋ ಸೋಮವಾರ ಕೆರೇಲಿರೋ ಕೊರವ ಎಲ್ಲಾ ಎತ್ತಿಸ್ತೀವಿ. ಊರಿಗೆ ಸಾರಿಸಿಬಿಡಿ. ಯಾರೂ ದನ ಎಮ್ಮೆ ಇಳಿಸಬಾರದು."

ಪಿಳ್ಳಪ್ಪನವರು ರೇಷ್ಮೆ ಗೂಡಿನ ವ್ಯಾಪಾರದ ಗಡಿಬಿಡಿಯಲ್ಲಿದ್ದರು. ಅಲ್ಲೇ ನಿಂತಿದ್ದ ತೋಟಿ ಮುನಿಯಪ್ಪನ ಕಡೆ ತಿರುಗಿ, "ಕೇಳಿಸ್ತೇನೋ? ಸೋಮವಾರ ಕೊರವ ಎತ್ತಿಸ್ತಾರಂತೆ, ಸಾರಿಬಿಡು" ಎಂದರು. ಊರಿಗೆಲ್ಲ ತಮಟೆ ಹೊಡೆದು ಸುದ್ದಿ ಸಾರುವುದು ಮುನಿಯಪ್ಪನ ಕೆಲಸ. ಎಂಥ ಗಂಟಲು ಅವನದು! ಒಂದು ಬೀದಿಯಲ್ಲಿ ನಿಂತು ಕೂಗಿದರೆ ಪಕ್ಕದೂರಿನವರೂ ತಯಾರಾಗಬೇಕು. ಮನೆ ಮಾತು ತೆಲುಗು. ಆ ಮೀನನ್ನು ಹುಟ್ಟಿದಾಗಿನಿಂದ ಕೊರ್ರಮೀನು ಎಂದೇ ಕರೆದು, ಕೊರ್ರಮೀನು ಎಂದೇ ತಿಂದವನು. ಅದಕ್ಕೆ ಕೊರವ ಎಂಬ ಹೆಸರೂ ಇದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅವನು ಬೀದಿ ಬೀದಿಯಲ್ಲಿ ನಿಂತು ಸಾರಿದ್ದು ಹೀಗೆ: "ಸೋಮವಾರಂ ಸರ್ಕಾರುವಾಳ್ಳು ವಚ್ಚಿ ಚೆರುವುಲೋ ಉಂಡೇ ಎರುಕಲವಾಳ್ಳನಂತಾ ಎತ್ತೇಸ್ತಾರಂಡೋ!" ಅಂದರೆ, ಸೋಮವಾರ ಸರ್ಕಾರದವರು ಬಂದು ಕೆರೆಯಲ್ಲಿರುವ ಕೊರವರನ್ನೆಲ್ಲ ಎತ್ತಿಬಿಡುತ್ತಾರೆ!

ನನಗೆ ಇದು ಯಾವುದೂ ಗೊತ್ತಿಲ್ಲ. ಸೋಮವಾರ ಬೆಳಿಗ್ಗೆ ಸೈಕಲ್ ತುಳಿದುಕೊಂಡು, ಹಿಂದೆ ಗಾಡಿಯಲ್ಲಿ ಬಲೆಯವರನ್ನು ಕರೆದುಕೊಂಡು ಹೋದರೆ ಏರಿಯ ಮೇಲೆ ಜಾತ್ರೆ! ಗಂಡಸರು, ಹೆಂಗಸರು, ಕೆಲವರ ಕೈಯಲ್ಲಿ ದೊಣ್ಣೆ. ಮೀನು ಹಿಡಿಯುವುದನ್ನು ನೋಡಲು ಇಷ್ಟು ಜನ ಬಂದಿದ್ದಾರಲ್ಲ, ನಮ್ಮ ಇಲಾಖೆಗೆ ಕೊನೆಗೂ ಬೆಲೆ ಬಂತು ಎಂದು ನನ್ನ ಎದೆ ಉಬ್ಬಿತು. ಸೈಕಲ್ ನಿಲ್ಲಿಸಿ, ಅಂಗಿ ಸರಿಮಾಡಿಕೊಂಡು ಮುಂದೆ ಬಂದೆ.

ಕೊರವರ ಪೈಕಿ ಹಿರಿಯ ಹೆಂಗಸು ಗಂಗುಲಮ್ಮ ನನ್ನ ಎದುರಿಗೆ ಬಂದು ನಿಂತಳು. ಸಂತೆಗಳಲ್ಲಿ ಬುಟ್ಟಿ ಮಾರುವಾಗ ನೋಡಿದ ಮುಖ.

"ಯಾವ ತಪ್ಪಿಗೆ ಸಾಮಿ ಎತ್ತಿಸ್ತಿರೋದು?" ಎಂದಳು.

ನಾನು ಮೀನಿನ ಮಾತೇ ಎಂದುಕೊಂಡೆ. "ತಪ್ಪೇನಿಲ್ಲಮ್ಮ, ಅವುಗಳ ಜಾತಿನೇ ಹಂಗೆ. ಇರೋ ಕಡೆ ಬೇರೆಯವನ್ನ ಬಾಳಕ್ಕೆ ಬಿಡಲ್ಲ."

"ಸರಿಯಾಗಿ ಹೇಳಿದ್ರಿ ಸಾಮೀ!" ಎಂದು ಏರಿಯ ಮೇಲಿನಿಂದ ಯಾರೋ ಕೂಗಿದರು. ನನಗೆ ಇನ್ನಷ್ಟು ಹುರುಪು ಬಂತು.

"ಒಂದನ್ನೂ ಬಿಡೋ ಹಂಗಿಲ್ಲ. ದೊಡ್ಡವು ಸಣ್ಣವು ಎಲ್ಲಾ ಎತ್ತಬೇಕು. ಬಿಟ್ರೆ ಮರಿಗಳನ್ನ ತಿಂದ್ಬಿಡ್ತವೆ."

ಗಂಗುಲಮ್ಮ ಹಿಂದಕ್ಕೆ ಕೈ ತೋರಿಸಿದಳು. "ತಿಂತೀವಾ? ನನ್ನ ಮಗಳು ಆ ಗುಡಿಸಲಲ್ಲಿ ಹೆರಿಗೆ ನೋವು ತಿಂತಾ ಮಲಗವ್ಳೆ ಸಾಮಿ. ಹುಟ್ಟೋ ಕೂಸನ್ನ ನಾವು ತಿಂತೀವಾ?"

ಆಗ ನಾನು ಹೊಂಗೆ ಮರಗಳ ಕಡೆ ನೋಡಿದೆ. ಗುಡಿಸಲುಗಳನ್ನು ಬಿಚ್ಚಿ ಸುರುಳಿ ಸುತ್ತಿದ್ದರು. ಕತ್ತೆಗಳ ಮೇಲೆ ಮಡಕೆ, ಚಾಪೆ, ಕೋಳಿ ಬುಟ್ಟಿ ಹೇರಿತ್ತು. ಒಂದೇ ಒಂದು ಗುಡಿಸಲು ಬಿಚ್ಚದೆ ಉಳಿದಿತ್ತು, ಅದರೊಳಗಿಂದ ನರಳುವ ಸದ್ದು ಬರುತ್ತಿತ್ತು. ದೊಣ್ಣೆಗಳು ಯಾಕೆಂದು ನನಗೆ ಅರ್ಥವಾಯಿತು.

"ಮೀನಮ್ಮಾ! ನಾನು ಹೇಳಿದ್ದು ಮೀನು! ಕೊರವ ಮೀನು!" ಎಂದು ಕಿರುಚಿದೆ.

ಬಲೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇರೆ ಯಾರೂ ನಗಲಿಲ್ಲ. ಮುನಿಯಪ್ಪ ತಮಟೆ ಸಮೇತ ಮುಂದೆ ಬಂದು ಜಗಳಕ್ಕೇ ನಿಂತ. "ಚೇಪನಿ ಕೊರವ ಅಂಟಾರಾ ಸಾಮೀ? ಅದಿ ಕೊರ್ರಮೀನು ಕದಾ! ಮೀನಿಗೆ ಮೀನು ಅಂತ ಹೇಳಕ್ಕೇನು?" ಮೀನನ್ನು ಯಾರಾದರೂ ಕೊರವ ಅಂತಾರಾ, ಅದು ಕೊರ್ರಮೀನಲ್ಲವೇ ಎಂದು ಅವನು ಕೇಳಿದ್ದರಲ್ಲಿ ತಪ್ಪೇನಿದೆ? ಅವನಿಗೆ ನಾನು ಯಾವ ಬಾಯಿಂದ ಬೈಯಲಿ?

ಇಷ್ಟಕ್ಕೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಪಿಳ್ಳಪ್ಪನವರು ಹೆಗಲ ಮೇಲಿನ ವಲ್ಲಿ ಒದರಿ, "ಆಗಿದ್ದಾಯ್ತು ಬಿಡಿ. ಹೆಂಗೂ ಗಂಟು ಮೂಟೆ ಕಟ್ಟವ್ರೆ, ಹೋಗ್ಲಿ. ಸರ್ಕಾರದ ಹೆಸರಲ್ಲಿ ಸಾರಿದ್ದನ್ನ ವಾಪಸ್ ತಗೊಂಡ್ರೆ ನಾಳೆ ನಮ್ಮ ತಮಟೆಗೆ ಯಾರು ಬೆಲೆ ಕೊಡ್ತಾರೆ?" ಎಂದರು. ಜನ ಹೌದು ಹೌದು ಎಂದರು. ಊರಿನಲ್ಲಿ ಕೋಳಿ ಕಳೆದರೂ ಕುಡುಗೋಲು ಕಳೆದರೂ ಹೊಂಗೆ ಮರದ ಕಡೆ ಕೈ ತೋರಿಸಿ ಅಭ್ಯಾಸವಾದ ಜನ. ತಾನಾಗಿ ಕೈಗೆ ಬಂದದ್ದನ್ನು ಬಿಡಲು ಅವರಿಗೆ ಮನಸ್ಸಿಲ್ಲ. ಗಂಗುಲಮ್ಮ ಕತ್ತೆಯ ಹಗ್ಗ ಹಿಡಿದಳು.

ನನಗೆ ಪಿತ್ತ ನೆತ್ತಿಗೇರಿತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಅಂದ್ರೆ ಇದೇ ನೋಡಿ ಗೌಡ್ರೇ! ಹೆರೋ ಹೆಂಗಸನ್ನ ಕತ್ತೆ ಮೇಲೆ ಕೂರಿಸಿ ಕಳಿಸಿದ್ರೆ ನಿಮ್ಮ ತಮಟೆಗೆ ಬೆಲೆ ಬರ್ತದಾ?"

ಕೋಪದಿಂದ ಕೆಲಸವಾಗುವುದಿಲ್ಲ ಎಂದು ಹೇಳುತ್ತಲೇ ಗೊತ್ತಾಯಿತು. ಪಿಳ್ಳಪ್ಪನವರ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಅಷ್ಟರಲ್ಲಿ ನನ್ನ ಕಣ್ಣು ಕತ್ತೆಯ ಬೆನ್ನ ಮೇಲೆ ಹೇರಿದ್ದ ಬುಟ್ಟಿಗಳ ಮೇಲೆ ಬಿತ್ತು. ಕೋಳಿ ಮುಚ್ಚಿಡಲು ಹೆಣೆದ, ತಳವಿಲ್ಲದೆ ಎರಡು ಕಡೆಯೂ ಬಾಯಿದ್ದ ಬುಟ್ಟಿಗಳು. ನನ್ನ ವೃತ್ತಿ ನನ್ನ ಕೈ ಹಿಡಿಯಿತು. ಬಲೆ ಎಳೆದರೆ ಕೊರವ ಕೆಸರಿಗೆ ಇಳಿದು ಮಲಗುತ್ತದೆ, ಬಲೆ ಅದರ ಬೆನ್ನ ಮೇಲೆ 'ಹೋಗಿಬರ್ತೀನಿ' ಎಂದು ಹಾದುಹೋಗುತ್ತದೆ. ತಳವಿಲ್ಲದ ಬುಟ್ಟಿಯನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈಹಾಕಿದರೆ ಮಾತ್ರ ಅದು ಸಿಗುವುದು.

"ಗೌಡ್ರೇ, ಕೊರವ ಎತ್ತಕ್ಕೆ ಬಲೆ ಸಾಲದು. ಬುಟ್ಟಿ ಬೇಕು, ಬುಟ್ಟಿ ಬಲ್ಲ ಕೈ ಬೇಕು. ಇವತ್ತಿಂದ ಇವರು ಇಲಾಖೆ ಕೆಲಸದವರು. ಇವರನ್ನ ಯಾರೂ ಎಬ್ಬಿಸಂಗಿಲ್ಲ."

"ಹಂಗಂತ ಯಾರು ಹೇಳಿದ್ದು?"

"ಇಲಾಖೆ ಹೇಳಿದ್ದು."

ಇಲಾಖೆ ಎಲ್ಲಿ ಹೇಳಿತ್ತು? ನಾನು ಒಬ್ಬ ಫೀಲ್ಡ್‌ಮ್ಯಾನ್. ನನ್ನ ಮಾತಿಗೆ ನಮ್ಮ ಕಚೇರಿಯ ಜವಾನನೂ ಎದ್ದು ನಿಲ್ಲುತ್ತಿರಲಿಲ್ಲ. ಪಿಳ್ಳಪ್ಪನವರು ಹುಷಾರಿನ ಮನುಷ್ಯ. "ಮಧ್ಯಾಹ್ನ ನಿಮ್ಮ ಸಾಹೇಬ್ರು ಬರ್ತಾರಂತಲ್ಲ. ಬರ್ಲಿ. ಅವ್ರ ಬಾಯಲ್ಲೇ ಕೇಳಣ. ಇಲ್ಲ ಅಂದ್ರೆ ಇವ್ರೂ ಹೊರಡಬೇಕು, ನಿಮ್ಮ ಕೆಲಸಕ್ಕೂ ಎಳ್ಳುನೀರು ಬಿಡಬೇಕಾಯ್ತದೆ" ಎಂದು ಏರಿಯ ಮೇಲೆ ಕಲ್ಲು ನೋಡಿಕೊಂಡು ಕೂತರು. ಜನವೂ ಕೂತರು.

ನಾನು ಗಂಗುಲಮ್ಮನ ಹತ್ತಿರ ಹೋಗಿ, "ಅಮ್ಮಾ, ನನ್ನ ಮಾನ ಈಗ ನಿಮ್ಮ ಬುಟ್ಟೀಲಿದೆ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ನಂಬಲೋ ಬೇಡವೋ ಎಂದು ಲೆಕ್ಕ ಹಾಕುತ್ತಿದ್ದಳು. ಆಮೇಲೆ ಕತ್ತೆಯ ಹಗ್ಗ ಬಿಟ್ಟು ಸೀರೆ ಎತ್ತಿ ಕಟ್ಟಿ, ತಮ್ಮ ಭಾಷೆಯಲ್ಲಿ ಏನೋ ಕೂಗಿದಳು. ಗಂಡಸರೂ ಹೆಂಗಸರೂ ಬುಟ್ಟಿ ಹಿಡಿದು ನೀರಿಗೆ ಇಳಿದರು.

ಆ ಕೆಲಸ ನೋಡಬೇಕಿತ್ತು ನೀವು! ಬಲೆಯವರು ಒಂದು ಕಡೆಯಿಂದ ಎಳೆದುಕೊಂಡು ಬರುವುದು, ಬಲೆಯ ಹಿಂದೆಯೇ ಇವರು ಸಾಲಾಗಿ ಬುಟ್ಟಿ ಒತ್ತಿಕೊಂಡು ಬರುವುದು. ಬುಟ್ಟಿಯೊಳಗೆ ದಡಬಡ ಎಂದರೆ ಕೈ ಇಳಿಸಿ, ಕಿವಿರಿಗೆ ಬೆರಳು ಹಾಕಿ ಎತ್ತುವುದು. ತೊಡೆಗಾತ್ರದ ಕೊರವಗಳು! ನಾನೂ ಪಂಚೆ ಎತ್ತಿಕಟ್ಟಿ ಇಳಿದೆ. ಏರಿಯ ಮೇಲೆ ದೊಣ್ಣೆ ಹಿಡಿದು ಕೂತಿದ್ದವರು ಮೊದಲು ಸುಮ್ಮನಿದ್ದರು, ಆಮೇಲೆ "ಅಗೋ ಅಲ್ಲಿ! ಎಡಕ್ಕೆ, ಎಡಕ್ಕೆ!" ಎಂದು ಕೂಗತೊಡಗಿದರು. ಮುನಿಯಪ್ಪ ತಡೆಯಲಾರದೆ ಒಂದೊಂದು ಮೀನಿಗೂ ತಮಟೆ ಬಾರಿಸಿದ. ಹಾಗೆ ಬಾರಿಸುತ್ತಿದ್ದಾಗಲೇ ಗುಡಿಸಲಿನಿಂದ ಮಗುವಿನ ಅಳು ಕೇಳಿಸಿತು. ಗಂಗುಲಮ್ಮ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು ಓಡಿದಳು.

ಸುವರ್ಣ ಸಾಹೇಬರ ಜೀಪು ಬಂದಾಗ ನಾನು ಸೊಂಟದವರೆಗೂ ಕೆಸರಾಗಿದ್ದೆ. ಪಿಳ್ಳಪ್ಪನವರು ನನಗಿಂತ ಮುಂಚೆ ಹೋಗಿ ಎಲ್ಲ ಹೇಳಿಬಿಟ್ಟರು. ಸುಳ್ಳೇನೂ ಸೇರಿಸಲಿಲ್ಲ, ಅದು ಅವರ ದೊಡ್ಡತನ. ಸಾಹೇಬರು ನನ್ನನ್ನು ಕರೆದರು.

"ಇವರು ಇಲಾಖೆಯ ಕೆಲಸದವರು ಅಂತ ನೀನು ಹೇಳಿದ್ದಾ?"

"ಹೌದು ಸಾರ್."

"ಯಾರನ್ನು ಕೇಳಿ?"

"ಯಾರನ್ನೂ ಕೇಳಿಲ್ಲ ಸಾರ್."

ಕೆಲಸ ಹೋದರೆ ಅಮ್ಮನ ಮುಂದೆ ಹೋಗಿ ನಿಲ್ಲುವುದು ಹೇಗೆ ಎಂದು ಯೋಚಿಸಿದೆ. ಸಾಹೇಬರು ದಡದ ಮೇಲೆ ರಾಶಿ ಬಿದ್ದ ಕೊರವಗಳನ್ನು ನೋಡಿದರು. ಬಿಚ್ಚಿದ ಗುಡಿಸಲುಗಳನ್ನು ನೋಡಿದರು. ಬಿಚ್ಚದ ಗುಡಿಸಲಿನ ಮುಂದೆ ನೀರು ಕಾಯಿಸುತ್ತಿದ್ದ ಗಂಗುಲಮ್ಮನನ್ನು ನೋಡಿದರು.

"ಪಟೇಲ್ರೇ, ಇವ ಹೇಳಿದ್ದು ಇಲಾಖೆಯದ್ದೇ ಮಾತು. ಆದ್ರೆ ಸ್ವಲ್ಪ ಕಡಿಮೆ ಹೇಳಿದ್ದಾನೆ. ಕೊರವ ತೆಗೀಲಿಕ್ಕೆ ಮಾತ್ರ ಅಲ್ಲ, ನಾಳೆ ಮರಿ ಬಿಟ್ಟ ಮೇಲೆ ಕೆರೆ ಕಾಯ್ಲಿಕ್ಕೂ ಇವರೇ ಬೇಕು. ನೀರು ಬಂದ್ರೆ ಈ ಜಾಗ ಮುಳುಗ್ತದಲ್ಲ, ಏರಿಯ ಆಚೆ ಒಂದಿಷ್ಟು ಒಣ ಜಾಗ ತೋರಿಸಿ ಆಯ್ತಾ?"

ಪಿಳ್ಳಪ್ಪನವರು ತಲೆ ಕೆರೆದುಕೊಂಡರು. "ಸಾಹೇಬ್ರೇ ಹೇಳಿದ ಮೇಲೆ ಇನ್ನೇನು. ಆದ್ರೆ ತಮಟೆ ಹೊಡ್ಸಿಬಿಟ್ಟಿದ್ದೀವಲ್ಲ..."

"ಇನ್ನೊಮ್ಮೆ ಹೊಡೆಸಿ. ಈ ಸಲ ಮೀನಿಗೆ ಮೀನು ಅಂತಲೇ ಹೇಳು ಮಾರಾಯ" ಎಂದು ಮುನಿಯಪ್ಪನ ಬೆನ್ನು ತಟ್ಟಿದರು.

ಮುನಿಯಪ್ಪ ಅಲ್ಲೇ ಏರಿಯ ಮೇಲೆ ನಿಂತು ತಮಟೆ ಎತ್ತಿದ. "ಎರುಕಲವಾಳ್ಳು ಕಾದಂಡೋ, ಕೊರ್ರಮೀನಂಡೋ! ಎರುಕಲವಾಳ್ಳು ಸರ್ಕಾರು ಮನುಷುಲಂಡೋ!" ಕೊರವರಲ್ಲ, ಮೀನು, ಕೊರವರು ಸರ್ಕಾರದ ಮನುಷ್ಯರು! ಬೀದಿ ಬೀದಿಗೂ ಹಾಗೇ ಸಾರಿದ. ಸರ್ಕಾರದ ಮನುಷ್ಯರು ಎಂಬ ಮಾತನ್ನು ಸಾಹೇಬರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅದು ಅವನು ತಾನಾಗಿ ಸೇರಿಸಿದ್ದು.

ಸಂಜೆಯ ಹೊತ್ತಿಗೆ ಜೊಂಡಿನ ಹತ್ತಿರ ಒಂದು ಜೋಡಿ ಉಳಿದಿತ್ತು. ಮೇಲೆ ಕೆಂಪು ಮರಿಗಳ ಮುದ್ದೆ ಕುದಿಯುತ್ತಿತ್ತು. ಬಲೆಯವನೊಬ್ಬ ಗಾಳ ತೆಗೆದ. ಸಾಹೇಬರು ತಡೆದರು. "ಮರಿಗಳು ಕಪ್ಪಾಗಿ ಚದುರುವ ತನಕ ಬಿಡಿ. ನಾವು ಕಾಟ್ಲಾ ಬಿಡುವುದಕ್ಕೆ ಇನ್ನೂ ಸಮಯ ಉಂಟು. ಆಮೇಲೆ ಹಿಡಿದರಾಯ್ತು." ಆಮೇಲೆ ಹಾಗೇ ಮಾಡಿದೆವು. ಶತ್ರುವಿಗೂ ಬಾಣಂತನ ಕೊಟ್ಟ ಇಲಾಖೆ ನಮ್ಮದು ಎಂದು ನಾನು ಈಗಲೂ ಹೇಳಿಕೊಳ್ಳುತ್ತೇನೆ.

ಆ ವರ್ಷ ಮಳೆ ಚೆನ್ನಾಗಿ ಆಯಿತು, ಮರಿ ಬಿಟ್ಟೆವು. ನಡುವೆ ನನ್ನನ್ನು ಗೌರಿಬಿದನೂರಿನ ಕಡೆಯ ಕೆರೆಗಳಿಗೆ ಹಾಕಿದರು. ಮಾರನೆಯ ಬೇಸಿಗೆಯಲ್ಲಿ ಮೊದಲ ಹಿಡಿತ ನೋಡಲು ಮತ್ತೆ ಆ ಊರಿಗೆ ಹೋದೆ. ಒಂದೊಂದು ಕಾಟ್ಲಾವೂ ಎರಡು ಕೈಯಲ್ಲಿ ಎತ್ತಬೇಕಾದಷ್ಟು ಬೆಳೆದಿತ್ತು. ಪಿಳ್ಳಪ್ಪನವರು ತಾವೇ ಮೊಟ್ಟೆ ಇಟ್ಟು ಮರಿ ಮಾಡಿದವರ ಹಾಗೆ ಬಂದವರಿಗೆಲ್ಲ ತೋರಿಸುತ್ತಿದ್ದರು. ಆ ಕೆರೆಯ ಮೀನು ಹೊತ್ತ ಗಾಡಿ ಚಿಂತಾಮಣಿ ಸಂತೆಗೆ ಹೊರಟಾಗ ನನಗಾದ ಹೆಮ್ಮೆ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನನ್ನ ಹೆಂಡತಿಗೂ ಹೇಳಿದ್ದೇನೆ, ಅದರ ಫಲವನ್ನೂ ಅನುಭವಿಸಿದ್ದೇನೆ.

ಏರಿಯ ಆಚೆ, ಸಾಹೇಬರು ಕೇಳಿದ್ದ ಒಣ ಜಾಗದಲ್ಲಿ ಗುಡಿಸಲುಗಳಿದ್ದವು. ಈ ಸಲ ಮಣ್ಣಿನ ಗೋಡೆ ಎಬ್ಬಿಸಿ, ಸೋಗೆ ಹೊದಿಸಿದ್ದರು. ಗಂಗುಲಮ್ಮ ಬಾಗಿಲಲ್ಲಿ ಕೂತು ಈಚಲು ಕಡ್ಡಿ ಸೀಳುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು ನಕ್ಕಳು. ಊರಿಂದೂರಿಗೆ ಬಂದವರು ಹೋದವರನ್ನು ವಿಚಾರಿಸುವ ಪೊಲೀಸಿನವರು ಒಮ್ಮೆ ಬಂದು, ನೀವು ಯಾರು ಎಂದು ಕೇಳಿದರಂತೆ. "ನಾವು ಮೀನು ಡಿಪಾರ್ಟ್‌ಮೆಂಟ್ನೋರು ಅಂದೆ ಸಾಮಿ. ಅವ್ರು ಗಾಬರಿಯಾಗಿ ಸೈಕಲ್ ಹತ್ತಿದ್ರು" ಎಂದಳು. ನಾನು ನಕ್ಕು ನಕ್ಕು ಸುಸ್ತಾದೆ.

ಅಷ್ಟರಲ್ಲಿ ಒಳಗಿನಿಂದ ಒಂದು ಹೆಣ್ಣು ಕೂಸು ಗೋಡೆ ಹಿಡಿದುಕೊಂಡು ಬಂತು. ಬಾಗಿಲಲ್ಲಿ ಗೋಡೆ ಬಿಟ್ಟಿತು. ತೂರಾಡುತ್ತ ನಾಲ್ಕು ಹೆಜ್ಜೆ ಹಾಕಿ, ದೊಪ್ಪನೆ ಕೂತು, ಮತ್ತೆ ಎದ್ದಿತು. ಆ ಸೋಮವಾರ ಹುಟ್ಟಿದ ಮಗು. ನಾನು ಅದನ್ನು ಎತ್ತಿಕೊಳ್ಳಲು ಬಗ್ಗಿದೆ. ಗಂಗುಲಮ್ಮ ನನ್ನ ಕೈ ತಡೆದಳು.

"ಎತ್ಬೇಡಿ ಸಾಮಿ, ನಡೀಲಿ. ನಾನು ಹೆತ್ತವು, ನಮ್ಮವ್ವ ಹೆತ್ತವು, ಎಷ್ಟೋ ಮಕ್ಕಳು. ತೆವಳೋವಾಗ ಒಂದೂರು, ನಿಲ್ಲೋವಾಗ ಇನ್ನೊಂದೂರು. ಹುಟ್ಟಿದ ನೆಲದ ಮೇಲೇ ನಡೆಯೋದು ಕಲ್ತಿದ್ದು ನಮ್ಮಲ್ಲಿ ಇದೊಂದೇ."